ರೊಟ್ಟಿ ತಿಂದ ಹೆಬ್ಬೆಟ್ಟು

ನಾನು ಮೂರನೆಯ ಇಯತ್ತೆಯವರೆಗೆ ಕನ್ನಡ ಸಾಲೆಗೆ ಹೋದವಳು. ಅಷ್ಟರಲ್ಲಿ ನನ್ನ ಹೆಸರು ಬರೆಯಲು ಬಂತು. ವಿಜಯಪುರದ ನಮ್ಮ ಓಣಿಯಲ್ಲಿ ನನ್ನ ವಾರಗೆಯ ಹೆಂಗಸರೊಳಗೆ ಸಹಿ ಮಾಡುವವಳು ನಾನೊಬ್ಬಳೇ ಇದ್ದೆ. ಬ್ಯಾಂಕಿನಲ್ಲಿ, ಗಂಡ ಸತ್ತಾಗ ಮುನ್ಸಿಪಾಲ್ಟಿಯಲ್ಲಿ, ನನ್ನ ಮುಖ ನೋಡಿದ ಕೂಡಲೇ ಅವರು ಶಾಯಿಯ ಡಬ್ಬಿ ಮುಂದಕ್ಕೆ ತಳ್ಳುತ್ತಿದ್ದರು. ನಾನು ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳುತ್ತಿದ್ದೆ. ಹೆಬ್ಬೆಟ್ಟು ಅಂದರೆ ನಮ್ಮ ಕಡೆ ಬೈಗುಳ. ನನ್ನ ಗಂಡ ಹೆಬ್ಬೆಟ್ಟು. ನನ್ನ ತಂಗಿ ಹೆಬ್ಬೆಟ್ಟು. ಸಣ್ಣವಳಿದ್ದಾಗ ಅವಳು ಸಾಲೆಗೆ ಹೋಗುವುದಿಲ್ಲ ಎಂದು ಅತ್ತು ಮಣ್ಣಿನಲ್ಲಿ ಹೊರಳಾಡುತ್ತಿದ್ದಳು, ಆದ್ದರಿಂದ ನಮ್ಮವ್ವ ಅವಳನ್ನು ಬಿಟ್ಟುಬಿಟ್ಟಳು. ಅವಳನ್ನು ನಾನು ಬಹಳ ವರ್ಷ ಅದೇ ಮಾತಿನಿಂದ ಕಾಡಿದ್ದೇನೆ.

ನಾನು ಒಂದು ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದೆ. ಜೋಳದ ರೊಟ್ಟಿ. ಮೊದಲು ಎಸರು ಕಾಯಿಸಬೇಕು, ಕುದಿಯುವ ನೀರನ್ನು ಹಿಟ್ಟಿನ ಮೇಲೆ ಸುರಿಯಬೇಕು, ಸುಡುವಾಗಲೇ ನಾದಬೇಕು. ಆರಿದರೆ ಹಿಟ್ಟು ಮಾತು ಕೇಳುವುದಿಲ್ಲ. ಆಮೇಲೆ ಕಟ್ಟಿಗೆಯ ಪರಾತದಲ್ಲಿ ಬಡಿಯುತ್ತ ತಿರುಗಿಸುತ್ತ ಅಗಲ ಮಾಡಬೇಕು, ಹಂಚಿನ ಮೇಲೆ ಹಾಕಿ ಮೇಲೆ ನೀರು ಸವರಬೇಕು, ಬೆರಳಿನಿಂದಲೇ ತಿರುವಬೇಕು. ಚಿಮಟ ಹಿಡಿಯುವವರು ನಿಧಾನ. ನಾನು ಚಿಮಟ ಹಿಡಿಯಲಿಲ್ಲ. ಖಾನಾವಳಿಯಲ್ಲೇ ಉಣ್ಣುತ್ತಿದ್ದೆ, ಗಂಡ ಸತ್ತ ಮೇಲೆ ಅಲ್ಲಿಯೇ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದೆ. ಮಕ್ಕಳಿಲ್ಲ. ಆಗಲಿಲ್ಲ.

ಕಳೆದ ವರ್ಷ ಮಾಲೀಕರು ರೊಟ್ಟಿಯ ಮಷೀನು ತಂದರು. ಅವರು ಕೆಟ್ಟವರಲ್ಲ. "ಅಮ್ಮಾ, ನಿಮ್ಮ ರೊಟ್ಟಿ ಅದಕ್ಕ ಬರೂದಿಲ್ಲ ಖರೆ. ಆದ್ರ ಅದಕ್ಕ ಮೊಣಕಾಲ ನೋವೂ ಬರೂದಿಲ್ಲ" ಅಂದರು. ಹಿಂದಿನ ಕೋಣೆಯಲ್ಲಿ ಮಷೀನು ಕೂತಿತು. ಕೆಲಸ ಹಾಸಿಗೆ ಎರಡೂ ಒಂದೇ ದಿನ ಹೋದವು.

ಮುಂಬೈಗೆ ನಾನು ತಂಗಿಯ ಹತ್ತಿರ ಬಂದೆ. ಅವಳು ಮದುವೆಯಾಗಿ ಬಂದು ಮೂವತ್ತೈದು ವರ್ಷವಾಗಿದೆ, ಗಂಡ ಸತ್ತಿದ್ದಾನೆ, ಮಗ ರಿಕ್ಷಾ ಓಡಿಸುತ್ತಾನೆ. ಭಾಂಡುಪ್ ಸ್ಟೇಷನ್ನಿನಿಂದ ಗುಡ್ಡ ಹತ್ತಿದರೆ, ಮೆಟ್ಟಿಲು ಮುಗಿಯುವ ಕಡೆ ಅವರ ಖೋಲಿ. ಒಂದೇ ಖೋಲಿ. ಅದರಲ್ಲಿ ತಂಗಿ, ಮಗ, ಸೊಸೆ, ಈಗ ನಾನು. ನಾನು ಬಂದಾಗ ಸೊಸೆಗೆ ಐದು ತಿಂಗಳು. ನಾಲ್ಕು ಜನ ಮಲಗಿದರೆ ಬಾಗಿಲು ಒಳಗೆ ತೆರೆಯುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲ ಬಳಿಯವಳು ಏಳಬೇಕು. ಬಾಗಿಲ ಬಳಿಯವಳು ನಾನು.

ತಂಗಿ ಒಂದು ದಿನ ಪಾತ್ರೆ ತಿಕ್ಕುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಆಪಾ, ನಾ ನಿನಗ ಹೋಗು ಅನ್ನೂದಿಲ್ಲ. ಆದ್ರ ಕೂಸು ಬಂದ ಮ್ಯಾಲ ನೀ ಎಲ್ಲಿ ಮಲಗ್ತಿ, ನೀನ ಹೇಳು."

ಅವಳು ಹೇಳಿದ್ದು ಸರಿ ಇತ್ತು.

"ಇಲ್ಲಿ ಹಗಲೂ ರಾತ್ರಿ ಚೋವೀಸ ತಾಸಿನ ಕೆಲಸ ಇರ್ತಾವ. ಅವರ ಮನ್ಯಾಗ ಇರೂದು, ಅಲ್ಲೇ ಉಣ್ಣೂದು, ಅಲ್ಲೇ ಮಲಗೂದು. ಅಂಥಾದ್ದ ಹುಡಕೂಣು."

"ಮಲಗೂ ಕೆಲಸಾ? ಅದು ನನಗ ಛಲೋ ಬರ್ತದ" ಅಂದೆ. ಸೊಸೆ ನಕ್ಕಳು. ತಂಗಿ ನಗಲಿಲ್ಲ. ಕೂಸು ಬರಲು ನಾಲ್ಕು ತಿಂಗಳು ಇತ್ತು.

ಕೆಲಸ ಕೇಳುವುದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೇಳದೆ ಮಾಡಿದ್ದೆ. ತಂಗಿಯ ಸಂಗಡ ಬಿಲ್ಡಿಂಗುಗಳ ಗೇಟಿನಲ್ಲಿ ನಿಂತೆ. ಹೆಂಗಸರು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದರು, ಮೊಣಕಾಲಿನ ಹತ್ತಿರ ಬಂದಾಗ ಕಣ್ಣು ನಿಲ್ಲಿಸುತ್ತಿದ್ದರು. ಒಬ್ಬಳು ಕೇಳಿದಳು, "ಮೌಸಿ, ಆಪ್ ಹಮಾರಾ ಕಾಮ್ ಕರೋಗೀ ಯಾ ಹಮ್ ಆಪ್ ಕಾ?" ಯಾರ ಕೆಲಸ ಯಾರು ಮಾಡಬೇಕು ಎಂದು. ಉತ್ತರ ಕೊಡುವ ಮೊದಲೇ ರಿಕ್ಷಾ ಬಂತು, ಅವಳು ಹೋದಳು.

ಬೊರಿವಲಿಯಲ್ಲಿ ಒಂದು ಕಡೆ ಕರೆದರು. ದಾದರಿನಲ್ಲಿ ಇಳಿದು ಇನ್ನೊಂದು ಲೋಕಲ್ ಹಿಡಿಯಬೇಕು. ತಂಗಿ ಒಂದು ದಿನದ ಕೆಲಸ ಬಿಟ್ಟು ಕರೆದುಕೊಂಡು ಹೋದಳು. ಗುಜರಾತಿ ಮನೆ. ಮನೆಯೊಡತಿ "ರೋಟಿ ಆತೀ ಹೈ?" ಎಂದು ಕೇಳಿದಳು. ಅಕ್ಕತಂಗಿ ನಾವು ಓಣಿಯ ಕನ್ನಡ ಆಡಿದರೂ ನಮ್ಮ ಮನೆಮಾತು ದಖನಿ. ಹಿಂದಿ ನನಗೆ ಬರುತ್ತದೆ ಎಂದೇ ನಾನು ತಿಳಿದಿದ್ದೆ. ದಖನಿಯಲ್ಲಿ ರೋಟಿ ಅಂದರೂ ರೊಟ್ಟಿಯೇ, ಜೋಳದ್ದೇ. ಗೋದಿಯದು ಚಪಾತಿ. ನಮ್ಮ ಖಾನಾವಳಿಯಲ್ಲಿ ಚಪಾತಿ ಲಟ್ಟಿಸುವವಳು ಬೇರೆ ಇದ್ದಳು, ಅವಳ ಹತ್ತಿರ ನಾನು ಹೋಗುತ್ತಿರಲಿಲ್ಲ.

"ಹೌ, ರೋಟೀಚ್ ಪಕಾತಿಯೂಂ, ತೀಸ್ ಸಾಲ್ ಸೇ" ಮೂವತ್ತು ವರ್ಷದಿಂದ ರೊಟ್ಟಿಯನ್ನೇ ಮಾಡುತ್ತೇನೆ ಎಂದು ಎದೆ ಉಬ್ಬಿಸಿ ಹೇಳಿದೆ.

ಅಡಿಗೆಮನೆಗೆ ಬಿಟ್ಟರು. ನಾನು ಎಸರು ಇಟ್ಟೆ. ಹಿಟ್ಟಿನ ಡಬ್ಬಿ ತೋರಿಸಿದರು, ಪರಾತಕ್ಕೆ ಹಾಕಿದೆ, ಕುದಿಯುವ ನೀರು ಸುರಿದೆ. ಕಣ್ಣಿಗಿಂತ ಮೊದಲು ಕೈ ಹೋಯಿತು. ಸುರಿದ ಮೇಲೆ ನೋಡುತ್ತೇನೆ, ಗೋದಿ. ಗೋದಿ ಹಿಟ್ಟಿಗೆ ಕುದಿಯುವ ನೀರು ಬಿದ್ದರೆ ಗೋಡೆಗೆ ಚೀಟಿ ಅಂಟಿಸಬಹುದು. ಮೇಲೆ ಒಣಹಿಟ್ಟು ಸುರಿದೆ, ಅದು ಇನ್ನೂ ಹೆಚ್ಚಾಯಿತು. ಹೇಗೋ ನಾಲ್ಕು ಲಟ್ಟಿಸಿ ಬೇಯಿಸಿದೆ. ಅವರಿಗೆ ಬೇಕಾಗಿದ್ದದ್ದು ಊದಿದರೆ ಹಾರುವಂಥ ಫುಲಕಾ. ಮನೆಯೊಡತಿ ನನ್ನದನ್ನು ಒಂದು ಮೂಲೆಯಿಂದ ಎತ್ತಿ ಹಿಡಿದಳು.

"ಮೌಸಿ, ಯೇ ರೋಟಿ ಹೈ ಯಾ ಗಾದಿ?"

ಹೊರಗೆ ಬಂದು ಸ್ಟೇಷನ್ನಿನವರೆಗೆ ತಂಗಿ ಮುಂದೆ ಮುಂದೆ ನಡೆದಳು. ಗಾಡಿ ಹತ್ತಿದ ಮೇಲೆ, ಜನರ ನಡುವೆ ಸಿಕ್ಕಿಕೊಂಡು ನಿಂತಾಗ, ನನ್ನ ಕಿವಿಯಲ್ಲಿ ಅಂದಳು, "ಗಾದಿ ಅಂದಳಲ್ಲ ಆಪಾ, ಅದರ ಮ್ಯಾಲ ಮಲಗೇ ಬಿಡಬೇಕಿತ್ತ ನೀ." ಆಮೇಲೆ ಇಬ್ಬರೂ ನಕ್ಕೆವು. ನಕ್ಕರೂ ಒಂದು ದಿನ ಹೋಗಿತ್ತು, ಅವಳಿಗೆ ಆ ದಿನ ಖಾಡೆಯೂ ಬಿತ್ತು, ಪಗಾರ ಕಡಿದರು. ಅಂದಿನಿಂದ ನಾನು ಯಾರು ರೋಟಿ ಅಂದರೂ ಮೊದಲು ಯಾವ ಹಿಟ್ಟು ಎಂದು ಕೇಳುತ್ತೇನೆ. ಇಲ್ಲಿ ನಮ್ಮ ರೊಟ್ಟಿಗೆ ಭಾಕರಿ ಎನ್ನುತ್ತಾರೆ. ಆ ಹೆಸರು ಕಲಿಯಲು ಬೊರಿವಲಿಯ ತನಕ ಹೋಗಬೇಕಾಯಿತು.

ಭಾಕರಿ ಬೇಕೆನ್ನುವವರು ಒಬ್ಬರು ಸಿಕ್ಕರು. ತಂಗಿ ವಿಕ್ರೋಳಿಯ ಒಂದು ದೊಡ್ಡ ಸೊಸೈಟಿಯಲ್ಲಿ ಎರಡು ಮನೆ ಭಾಂಡೆ ತಿಕ್ಕುತ್ತಾಳೆ. ಅದೇ ಸೊಸೈಟಿಯ ಹನ್ನೊಂದನೆಯ ಮಾಳಿಗೆಯಲ್ಲಿ ಒಬ್ಬ ಮುದುಕಿ. ಎಂಬತ್ತು ದಾಟಿದವಳು, ಅಕ್ಕಲಕೋಟದ ಕಡೆಯವಳು. ಬಿದ್ದು ಸೊಂಟದ ಚಪ್ಪೆ ಮುರಿದುಕೊಂಡು, ನಾಲ್ಕು ಕಾಲಿನ ಕಬ್ಬಿಣ ಹಿಡಿದು ನಡೆಯುತ್ತಿದ್ದಳು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಗೋದಿ ತಿಂದರೆ ಹೊಟ್ಟೆ ಉಬ್ಬುತ್ತದೆ ಎಂದು ಮುದುಕಿ ತಟ್ಟೆ ದೂಡುತ್ತಾಳೆ, ನೋಡಿಕೊಳ್ಳಲು ಬಂದ ಹೆಂಗಸರು ತಿಂಗಳೂ ನಿಲ್ಲುವುದಿಲ್ಲ ಎಂದು ತಂಗಿ ಕೇಳಿಕೊಂಡು ಬಂದಳು. ಆ ಮನೆಯ ಸೊಸೆ ಗೇಟಿಗೆ ಫೋನು ಮಾಡಿ, ಪಾಹುಣೆ ಬರುತ್ತಾರೆ ಬಿಡಿ ಎಂದು ಹೇಳಿದಳು. ಪಾಹುಣೆ ಅಂದರೆ ಬೀಗರು, ನೆಂಟರು. ನಾನು ನೆಂಟಳಾಗಿ ಮೇಲೆ ಹೋದೆ.

ಮುದುಕಿ ನನ್ನ ಮುಖ ನೋಡಲಿಲ್ಲ.

"ಕೈ ತೋರಸು" ಅಂದಳು. ಕನ್ನಡ! ಅಕ್ಕಲಕೋಟದವರಿಗೆ ಮರಾಠಿ ಕನ್ನಡ ಎರಡೂ ಬರುತ್ತವೆ ಎಂದು ನನಗೆ ಮರೆತೇಹೋಗಿತ್ತು. ಎರಡೂ ಕೈ ಚಾಚಿದೆ. ಅಂಗೈ ಮೇಲೆ ತನ್ನ ಹೆಬ್ಬೆರಳು ಎಳೆದು ನೋಡಿದಳು.

"ಹೂಂ. ಬಡದ ಕೈ. ಯಾವ ಊರಾಕಿ?"

"ವಿಜಾಪುರ, ಆಯಿ."

ಮುದುಕಿಯ ಸೊಸೆ ನನ್ನ ಹೆಸರು ಕೇಳಿದ್ದಳು. ಬಾಗಿಲ ಹತ್ತಿರ ನಿಂತು ಅತ್ತೆಗೆ ಸಣ್ಣ ದನಿಯಲ್ಲಿ ಮರಾಠಿಯಲ್ಲಿ ಏನೋ ಹೇಳಿದಳು. ನಾವು ಯಾವ ಜನ ಎಂಬ ಮಾತು. ಎಷ್ಟು ಸಣ್ಣ ದನಿಯಲ್ಲಿ ಹೇಳಿದರೂ ಆ ಮಾತು ನಮಗೆ ಕೇಳುತ್ತದೆ. ಮುದುಕಿ ದೊಡ್ಡ ದನಿಯಲ್ಲಿ "ಭಾಕರೀಲಾ ಜಾತ ನಸತೇ ಗ!" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೊಟ್ಟಿಗಿ ಜಾತಿ ಇಲ್ಲ ಅಂದೆ. ಆದ್ರ ನಮ್ಮ ಅಡಿಗಿಮನ್ಯಾಗ ಮಾಂಸಾ ಬ್ಯಾಡ, ನೋಡು."

"ಅದನ್ನ ಕಡಿಯಾಕ ನನಗ ಹಲ್ಲ ಎಲ್ಲಿ ಅದಾವ ಆಯಿ?" ಎಂದು ಬಾಯಿ ತೆರೆದು ತೋರಿಸಿದೆ.

ಮುದುಕಿ ತನ್ನ ಬಾಯಿಯನ್ನೂ ತೆರೆದು ತೋರಿಸಿದಳು. ಅಲ್ಲಿಯೂ ಇರಲಿಲ್ಲ. ಕೆಲಸ ಆಯಿತು.

ನನ್ನ ಜಾಗ ತೋರಿಸಿದರು. ಮುದುಕಿಯ ಪಲ್ಲಂಗದ ಪಕ್ಕ, ಕಿಟಕಿಯ ಕೆಳಗೆ, ಮಡಚುವ ಕಬ್ಬಿಣದ ಮಂಚ. ಮೇಲೆ ತೆಳ್ಳನೆಯ ಗಾದಿ, ತಲೆದಿಂಬು. ನಾನು ಕೈಯಿಂದ ಒತ್ತಿ ನೋಡಿದೆ. ಕಿರ್ ಎಂದಿತು. ಅದರ ಸುತ್ತ ನಡೆದಾಡಲು ಜಾಗವಿತ್ತು. ನಾನು ಎದ್ದರೂ ಮಲಗಿದರೂ ಯಾವ ಬಾಗಿಲೂ ನನ್ನನ್ನು ಕಾಯಬೇಕಾಗಿರಲಿಲ್ಲ.

ಮರುದಿನ ಜೋಳದ ಹಿಟ್ಟು, ನನ್ನ ಕಟ್ಟಿಗೆಯ ಪರಾತ, ಎರಡು ಸೀರೆ ತೆಗೆದುಕೊಂಡು ಹೋದೆ. ಗೇಟಿನ ವಾಚ್‌ಮನ್ ಉತ್ತರದ ಕಡೆಯವನು, ಮೀಸೆಯವನು. ಪರಾತದ ಮೇಲೆ ಕೋಲಿನಿಂದ ತಟ್ಟಿದ.

"ಅಮ್ಮಾ, ಗೆಸ್ಟ್ ಲೋಗ್ ಮಿಠಾಯಿ ಲಾತೇ ಹೈಂ. ಆಪ್ ಪರಾತ್ ಲಾಯೀಂ?"

ನೆಂಟರು ಸಿಹಿ ತರುತ್ತಾರೆ, ನೀನು ಪರಾತ ತಂದಿದ್ದೀಯಲ್ಲ ಎಂದ. ನಾನು ನಕ್ಕೆ. ಅವನೂ ನಕ್ಕು ಒಳಗೆ ಬಿಟ್ಟ.

ಮಧ್ಯಾಹ್ನ ರೊಟ್ಟಿಗೆ ಕೂತೆ. ಅಡಿಗೆಕಟ್ಟೆ ನಿಲ್ಲುವವರಿಗೆ ಮಾಡಿದ್ದು, ನಾನು ಪರಾತ ನೆಲಕ್ಕೆ ಇಟ್ಟುಕೊಂಡೆ. ನೆಲಕ್ಕೆ ನುಣ್ಣನೆಯ ಬಿಳಿ ಫರಸಿ ಕಲ್ಲು. ಬಡಿಯತೊಡಗಿದ ಮೇಲೆ ಹಿಂದೆ ಕಬ್ಬಿಣದ ಸಪ್ಪಳ ಕೇಳಿತು. ಮುದುಕಿ ತನ್ನ ನಾಲ್ಕು ಕಾಲು ದೂಡಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಹಂಚಿನಿಂದ ನೇರ ತಟ್ಟೆಗೆ ಹಾಕಿದೆ. ಶೇಂಗಾ ಚಟ್ನಿ, ಸ್ವಲ್ಪ ಎಣ್ಣೆ. ಮುರಿದು, ಬಾಯಲ್ಲಿಟ್ಟು, ಬಹಳ ಹೊತ್ತು ಒಸಡಿನಲ್ಲಿ ನುರಿಸಿದಳು. ಅರ್ಧ ತಿಂದಳು. ಛಲೋ ಆಗಿದೆ ಎಂದು ಹೇಳಲಿಲ್ಲ.

"ಇನ್ನೊಂದ ಬಡಿ" ಅಂದಳು.

"ತಿಂತೀರೇನ?"

"ಹೊಟ್ಟಿ ತುಂಬೇತಿ. ಕೇಳಾಕ ಬಡಿ."

ಬಡಿದೆ. ಅದೇ ತಪ್ಪಾಯಿತು. ಎರಡನೆಯದು ಅಗಲವಾಗುವ ಮೊದಲೇ ಮನೆಯ ಫೋನು ರಿಂಗಾಯಿತು. ಕೆಳಗಿನ ಮನೆಯವರು ಸೊಸೈಟಿ ಆಫೀಸಿಗೆ ದೂರು ಕೊಟ್ಟಿದ್ದರು: ಹನ್ನೊಂದನೆಯ ಮಾಳಿಗೆಯಲ್ಲಿ ಮಧ್ಯಾಹ್ನದ ಹೊತ್ತು ಫರಸಿ ಒಡೆಯುತ್ತಿದ್ದಾರೆ, ಪರವಾನಗಿ ತೆಗೆದುಕೊಂಡಿದ್ದಾರೆಯೇ ಎಂದು. ಹತ್ತು ನಿಮಿಷದಲ್ಲಿ ಆಫೀಸಿನಿಂದ ಒಬ್ಬ ಗಂಡಸು ಬಂದ. ಸುತ್ತಿಗೆ ಹುಡುಕಿದ. ನೆಲದ ಮೇಲೆ ಪರಾತ ಇಟ್ಟುಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾನು ಕೂತಿದ್ದೆ.

"ಯೇ ಗೆಸ್ಟ್ ಹೈ?" ಎಂದ.

ಮುದುಕಿ ಮರಾಠಿಯಲ್ಲಿ ಬೈದಳು, ಭಾಕರಿ ಎಂದು ಮೂರು ಸಲ ಹೇಳಿದಳು. ಅವನು ಕೈಮುಗಿದ. ಕೈಮುಗಿದು ನನ್ನನ್ನು ಕೆಳಗೆ ಕರೆದುಕೊಂಡು ಹೋದ.

ಆಫೀಸು ಗಾಜಿನ ಖೋಲಿ. ಮ್ಯಾನೇಜರ್ ನನ್ನ ತಂಗಿಯ ಮಗನ ವಯಸ್ಸಿನವನು. ಅವನಿಗೆ ನನ್ನ ಮೇಲೆ ಸಿಟ್ಟು ಇರಲಿಲ್ಲ. ಮನೆಯಲ್ಲೇ ಇದ್ದು ಕೆಲಸ ಮಾಡುವವರ ಹೆಸರು ಬರೆಸಬೇಕು, ಅಷ್ಟೇ, ಇವತ್ತೇ ಮಾಡಿಬಿಡೋಣ ಎಂದ. ಕಾಗದ ಕೊಟ್ಟ. ಆಧಾರ್ ಕಾರ್ಡು ನೋಡಿದ. ಫೋಟೋ ತೆಗೆದ. ನಾನು ಪೆನ್ನು ಕೇಳಿದೆ. ಕಾಗದದ ಕೊನೆಗೆ ಕನ್ನಡದಲ್ಲಿ ನನ್ನ ಹೆಸರು ಬರೆದೆ, ಒತ್ತಕ್ಷರವನ್ನೂ ಬಿಡದೆ ಬರೆದೆ. ಅವನು ಅದನ್ನು ನೋಡಲೇ ಇಲ್ಲ.

"ಸೈನ್ ನಹೀಂ ಚಾಹಿಯೇ ಮೌಸಿ. ಅಂಗೂಠಾ."

ಮೇಜಿನ ಮೇಲೆ ಒಂದು ಸಣ್ಣ ಕರಿ ಡಬ್ಬಿ. ಗೇಟಿನಲ್ಲಿಯೂ ಅಂಥದ್ದೇ ಇತ್ತು. ಕೆಲಸದ ಹೆಂಗಸರು ಬರುವಾಗ ಹೋಗುವಾಗ ಅದಕ್ಕೆ ಬೆರಳು ಒತ್ತಬೇಕು, ಹಸಿರು ದೀಪ ಬಂದರೆ ಬಾಗಿಲು. ನನ್ನ ಬೆರಳನ್ನು ಒಮ್ಮೆ ಇದರಲ್ಲಿ ತುಂಬಿಸಿಬಿಟ್ಟರೆ ಆಯಿತು. ನಾನು ಹೆಬ್ಬೆಟ್ಟು ಒತ್ತಿದೆ. ಜನ್ಮದಲ್ಲಿ ಮೊದಲ ಸಲ ಸಹಿಯ ಬದಲಿಗೆ ಹೆಬ್ಬೆಟ್ಟು ಒತ್ತಿದೆ. ಕೆಂಪು.

ಒರೆಸಿ ಒತ್ತು ಎಂದ. ಕೆಂಪು. ಕೈ ತೊಳೆದು ಬಾ ಎಂದ. ತೊಳೆದು ಬಂದೆ. ಕೆಂಪು. ಎಡಗೈ ಎಂದ. ಹತ್ತೂ ಬೆರಳು ಆದವು. ಹತ್ತೂ ಕೆಂಪು. ಕೊನೆಗೆ ಅವನು ನನ್ನ ಕೈಯನ್ನು ತಾನೇ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದ.

"ಆಪ್ ಕೇ ಹಾಥ್ ಮೇಂ ತೋ ಕುಛ್ ಹೈ ಹೀ ನಹೀಂ."

ನಿನ್ನ ಕೈಯಲ್ಲಿ ಏನೂ ಇಲ್ಲವೇ ಇಲ್ಲ ಎಂದ. ನಾನೂ ನೋಡಿದೆ. ಅದುವರೆಗೆ ನಾನು ನನ್ನ ಬೆರಳ ತುದಿ ನೋಡಿಕೊಂಡಿರಲಿಲ್ಲ, ಯಾರು ನೋಡಿಕೊಳ್ಳುತ್ತಾರೆ? ಅವನ ಬೆರಳಿನಲ್ಲಿ ಉತ್ತ ಹೊಲದ ಹಾಗೆ ಗೆರೆಗಳಿದ್ದವು. ನನ್ನದು ತೊಳೆದಿಟ್ಟ ಲಟ್ಟಣಿಗೆಯಂತೆ ನುಣ್ಣಗಿತ್ತು. ಮೂವತ್ತು ವರ್ಷದ ಎಸರು, ಹಂಚು. ಆಧಾರ್ ಕಾರ್ಡಿಗೆ ಬೆರಳು ಕೊಟ್ಟು ಹತ್ತು ಹನ್ನೆರಡು ವರ್ಷವಾಗಿದೆ, ಆಗ ಸ್ವಲ್ಪ ಉಳಿದಿದ್ದವೇನೋ. ಊರಿನಲ್ಲಿ ರೇಷನ್ನಿನ ಮಷೀನಿಗೆ ಗಂಡ ಬೆರಳು ಕೊಡುತ್ತಿದ್ದ. ಅವನು ಸತ್ತ ಮೇಲೆ ನಾನು ರೇಷನ್ ತರಲೇ ಇಲ್ಲ, ಖಾನಾವಳಿಯಲ್ಲಿ ಉಣ್ಣುವವಳಿಗೆ ಏತಕ್ಕೆ? ಹೀಗಾಗಿ ಗೆರೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಹನ್ನೊಂದನೆಯ ಮಾಳಿಗೆಯ ಸೊಸೆ ತನ್ನ ಆಫೀಸಿನಿಂದ ಅವನಿಗೆ ಫೋನು ಮಾಡಿ ಜಗಳಾಡಿದಳು. ಅವನು ಹೂಂ ಹೂಂ ಎಂದ. ಹಿಂದೆ ಯಾರದೋ ಮನೆಯಲ್ಲಿ ಕಳವು ಆಗಿತ್ತಂತೆ, ಅಂದಿನಿಂದ ಕಮಿಟಿಯವರ ಕಾನೂನು: ಬೆರಳಿಲ್ಲದೆ ಕೆಲಸದವರು ಒಳಗಿಲ್ಲ. ತಾನು ಬಿಟ್ಟರೆ ತನ್ನ ನೌಕರಿ ಹೋಗುತ್ತದೆ ಎಂದ. ಅದೂ ಸರಿಯೇ ಇತ್ತು. ಆಮೇಲೆ ನನಗೆ ಒಂದು ಉಪಾಯ ಹೇಳಿದ: ಒಂದು ತಿಂಗಳು ಬಿಸಿ ಮುಟ್ಟಬೇಡ, ಭಾಂಡೆ ತಿಕ್ಕಬೇಡ, ಎಣ್ಣೆ ಹಚ್ಚು, ಗೆರೆ ತಿರುಗಿ ಬರುತ್ತವೆ. ಯಾರಿಗೋ ಬಂದಿದ್ದವಂತೆ.

ಗೇಟಿನ ಹೊರಗೆ, ಮೇಲಿನಿಂದ ತರಿಸಿಕೊಟ್ಟ ಪರಾತ ಬಗಲಲ್ಲಿಟ್ಟುಕೊಂಡು ತಂಗಿಗಾಗಿ ಕಾಯುತ್ತ ನಿಂತೆ. ಸಂಜೆಯ ಕೆಲಸಕ್ಕೆ ಅವಳು ಬಂದಳು. ಎಲ್ಲ ಕೇಳಿಕೊಂಡಳು. ಅವಳಿಗೆ ಸಿಟ್ಟು ಬಂದರೆ ಹಳೆಯದೆಲ್ಲ ನೆನಪಾಗುತ್ತದೆ.

"ನೋಡ ಆಪಾ. ಕಲತಾಕಿ ಹೊರಗ, ಹೆಬ್ಬೆಟ್ಟು ಒಳಗ."

ಹೆಬ್ಬೆಟ್ಟು ಒತ್ತಿದಳು. ಹಸಿರು. ಒಳಗೆ ಹೋದಳು. ಅವಳ ಹಿಂದೆ ಇನ್ನೂ ನಾಲ್ಕು ಹೆಂಗಸರು ಒತ್ತಿ ಒಳಗೆ ಹೋದರು.

ಆ ಒಂದು ತಿಂಗಳು ನಾನು ಏನೂ ಮಾಡಲಿಲ್ಲ. ತಂಗಿ ಒಲೆಯ ಹತ್ತಿರ ಬಿಡಲಿಲ್ಲ, ನೀರಿಗೆ ಕೈ ಹಾಕಲು ಬಿಡಲಿಲ್ಲ. ಬೆಳಿಗ್ಗೆ ಎದ್ದು ಎರಡೂ ಕೈಗೆ ಖೊಬ್ಬರಿ ಎಣ್ಣೆ ಹಚ್ಚಿಕೊಂಡು, ಅಂಗೈ ಮೇಲೆ ಮಾಡಿ ಕೂಡುವುದು. ದುವಾ ಬೇಡುವವಳ ಹಾಗೆ ಕಾಣುತ್ತಿದ್ದೆ. ಏಳು ತಿಂಗಳ ಬಸುರಿ ಸೊಸೆ ಹೊಟ್ಟೆ ಹಿಡಿದುಕೊಂಡು ಅಡಿಗೆ ಮಾಡುವುದು, ನಾನು ನೋಡುವುದು. ಅವಳಿಗೆ ಆಗದ ದಿನ ಎಲ್ಲರೂ ಬೇಕರಿಯ ಪಾವು ತಿನ್ನುವುದು. ತಂಗಿ ಕೆಲಸದಿಂದ ಬಂದು ನನ್ನ ಸೀರೆಯನ್ನೂ ಹಿಂಡುತ್ತಿದ್ದಳು. ಎಂಟು ವರ್ಷದವಳಿದ್ದಾಗಿನಿಂದ ನನ್ನ ಕೈ ಇಷ್ಟು ದಿನ ಸುಮ್ಮನೆ ಇದ್ದದ್ದೇ ಇಲ್ಲ. ಅದಕ್ಕೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ, ನಿದ್ದೆಯಲ್ಲಿ ಬಡಿಯುತ್ತಿತ್ತಂತೆ. ಸೊಸೆ ಹೇಳಿದಳು.

ಸೊಸೆ ಇಲ್ಲಿಯೇ ಹುಟ್ಟಿದವಳು, ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಮಧ್ಯಾಹ್ನ ಫೋನಿನ ಬ್ಯಾಟರಿ ದೀಪ ಹಚ್ಚಿಕೊಂಡು ಬಂದು ಕೂಡುವಳು. "ಖಾಲಾ, ದಿಖಾವೋ." ಬೆರಳನ್ನು ಒಂದೊಂದಾಗಿ ಹಿಡಿದು ನೋಡುವಳು. ಅವಳಿಗೆ ನಾನು ಬೇಗ ಹೋಗುವುದು ಬೇಕಾಗಿತ್ತು, ನನಗೂ ಬೇಕಾಗಿತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಇಬ್ಬರೂ ಸೇರಿ ಗೆರೆ ಹುಡುಕುತ್ತಿದ್ದೆವು.

ಮುದುಕಿ ದಿನಾ ಫೋನು ಮಾಡುತ್ತಿದ್ದಳು. ಬೇರೆ ಮಾತಿಲ್ಲ.

"ಬಂದ್ವೇನ ಗೆರಿ?"

"ಇನ್ನಾ ಇಲ್ಲ ಆಯಿ."

"ಎಣ್ಣಿ ಹಚ್ಚಾಕ್ಹತ್ತಿಯೇನ?"

"ಹಚ್ಚೀ ಹಚ್ಚೀ ನಾನ ಜಾರಿ ಬೀಳೂ ಹಾಂಗ ಆಗೇನಿ."

"ಬೀಳಬ್ಯಾಡ. ಇಲ್ಲೆ ಒಬ್ಬಾಕಿ ಬಿದ್ದದ್ದ ಸಾಕು."

ಇಪ್ಪತ್ತನೆಯ ದಿನದ ಹೊತ್ತಿಗೆ ಎಡಗೈಯ ಕಿರುಬೆರಳಿನಲ್ಲಿ ಏನೋ ಕಂಡಿತು. ನೀರಿನ ಮೇಲೆ ಗಾಳಿ ಬಿಟ್ಟ ಹಾಗೆ, ಅಷ್ಟೇ. ಕಿರುಬೆರಳು ಹಂಚು ಮುಟ್ಟುವುದು ಕಡಿಮೆ. ಸೊಸೆ ಅದರ ಫೋಟೋ ತೆಗೆದು ಗಂಡನಿಗೆ ಕಳಿಸಿದಳು. ನಾನು ತಿಂಗಳು ಪೂರ್ತಿ ಮಾಡಿದೆ, ಮೇಲೆ ಎರಡು ದಿನ ಹೆಚ್ಚಿಗೆ ಹಾಕಿದೆ.

ಹೋದ ದಿನ ಸೀರೆಯ ಗಂಟನ್ನೂ ತೆಗೆದುಕೊಂಡೇ ಹೋದೆ. ಮ್ಯಾನೇಜರಿಗೆ ಕಿರುಬೆರಳು ತೋರಿಸಿದೆ. ಅವನೂ ಖುಷಿಪಟ್ಟ. ಮಷೀನು ಅದೇ ಬೆರಳನ್ನು ಮೂರು ಸಲ ಓದಬೇಕು, ಆಗ ಮಾತ್ರ ತುಂಬಿಕೊಳ್ಳುತ್ತದೆ ಎಂದ. ಒತ್ತಿದೆ. ಹಸಿರು. ವಾಚ್‌ಮನ್ ಗಾಜಿನ ಹೊರಗೆ ನಿಂತು ನೋಡುತ್ತಿದ್ದವನು ಕೈ ಎತ್ತಿದ. ಎರಡನೆಯ ಸಲ ಒತ್ತಿದೆ. ಹಸಿರು. ನನಗೆ ಕಿಟಕಿಯ ಕೆಳಗಿನ ಮಂಚ ಕಂಡಿತು. ಬೆರಳು ಬೆವರಿತೋ ಏನೋ, ಒರೆಸಿ ಒತ್ತಿದೆ. ಮೂರನೆಯದು ಕೆಂಪು.

ಮೊದಲಿನಿಂದ ಎಂದ. ಹಸಿರು, ಕೆಂಪು. ಮೊದಲಿನಿಂದ. ಕೆಂಪು. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಅವನಿಗೆ ಬೇರೆ ಕೆಲಸವಿತ್ತು, ಆದರೂ ಕೂತ. ಕೊನೆಗೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

"ಮೌಸಿ, ಯೇ ಮೇರೇ ಹಾಥ್ ಮೇಂ ನಹೀಂ ಹೈ" ಎಂದ. ಇದು ತನ್ನ ಕೈಯಲ್ಲಿಲ್ಲ ಎಂದು.

"ಮೇರೇ ಮೇಂ ಬೀ ನೈ" ಅಂದೆ. ನನ್ನ ಕೈಯಲ್ಲಿಯೂ ಇರಲಿಲ್ಲ. ಎದ್ದು ಬಂದೆ.

ಮುಂದಿನ ವಾರ ಹನ್ನೊಂದನೆಯ ಮಾಳಿಗೆಗೆ ಏಜೆನ್ಸಿಯಿಂದ ಒಬ್ಬಳು ಬಂದಳು. ಅವರು ಇನ್ನೆಷ್ಟು ದಿನ ಕಾಯುತ್ತಾರೆ? ಮುದುಕಿಯನ್ನು ಬಚ್ಚಲಿಗೆ ಹಿಡಿದು ಒಯ್ಯಲು ಯಾರಾದರೂ ಬೇಕಲ್ಲ. ಹರೆಯದವಳು, ಹತ್ತೂ ಬೆರಳು ಹಸಿರು. ತಂಗಿ ನೋಡಿ ಬಂದು ಹೇಳಿದಳು, ಮಂಚದ ಮೇಲೆ ಅವಳ ಚಾದರ ಹಾಸಿದೆ ಎಂದು.

ಮುದುಕಿಯ ಫೋನು ಬರುವುದಿಲ್ಲ ಎಂದುಕೊಂಡಿದ್ದೆ. ಬಂತು.

"ಇಕಿ ಪ್ಲಾಸ್ಟಿಕ್ಕಿನ ಹಾಳ್ಯಾಗ ಇಟ್ಟು ಲಟ್ಟಸ್ತಾಳ. ಸಪ್ಪಳ ಇಲ್ಲ ಏನಿಲ್ಲ. ಸತ್ತ ಮನಿ ರೊಟ್ಟಿ. ನೀ ಬಡದು ನಿನ್ನ ತಂಗಿ ಕೈಯಾಗ ಕಳಸು."

"ಬಡದ್ರ ಬಂದದ್ದೂ ಹೋಗ್ತದ ಆಯಿ. ಇನ್ನೊಂದ ಎರಡ ತಿಂಗಳ ತಡದ್ರ ಗೆರಿ ಪೂರಾ ಬಂದರೂ ಬರಬಹುದು. ಆಗ ನಾನ ಬರ್ತೀನಿ."



"ನಿನ್ನ ಗೆರಿ ಬರೂತನಾ ನಾ ಇರಬೇಕಲ್ಲ. ಕಳಸು."

ಮರುದಿನ ಎಸರು ಇಟ್ಟೆ. ವಿಚಾರ ಮಾಡಿದೆ ಎಂದು ಹೇಳಲಾರೆ. ಹಿಟ್ಟಿಗೆ ಕೈ ಹಾಕಿದಾಗ ಸುಟ್ಟಿತು, ತಿಂಗಳು ಕೂತ ಕೈ ಮೆತ್ತಗಾಗಿತ್ತು. ನಾಲ್ಕು ದಿನದಲ್ಲಿ ಸುಡುವುದು ನಿಂತಿತು. ಕಿರುಬೆರಳಿನ ಗೆರೆಯೂ ಅಳಿಸಿಹೋಯಿತು. ಈಗ ನನ್ನ ರೊಟ್ಟಿ ಅರಿವೆಯಲ್ಲಿ ಸುತ್ತಿಕೊಂಡು, ತಂಗಿಯ ಹೆಬ್ಬೆಟ್ಟಿನ ಮೇಲೆ ಒಳಗೆ ಹೋಗುತ್ತದೆ. ಗುಡ್ಡ ಇಳಿದು, ಒಂದು ಲೋಕಲ್ ಹಿಡಿದು, ಹನ್ನೊಂದು ಮಾಳಿಗೆ ಏರುವಷ್ಟರಲ್ಲಿ ಆರಿರುತ್ತದೆ. ಆರಿದ ರೊಟ್ಟಿಯನ್ನು ಹಲ್ಲಿಲ್ಲದವರು ಹಾಲಿನಲ್ಲಿ ನೆನೆಸಬೇಕು. ನೆನೆಸಿ ತಿನ್ನುತ್ತಾಳಂತೆ.

ಕೂಸು ಹುಟ್ಟಿತು. ಹೆಣ್ಣು. ಖೋಲಿಯ ನಡುವೆ ಸೀರೆಯ ಜೋಳಿಗೆ ಕಟ್ಟಿದ್ದಾರೆ. ತಂಗಿಯ ಮಗ ತಗಡಿನ ಕೆಳಗೆ ನಾಲ್ಕು ಹಲಗೆ ಹೊಡೆದು ನನಗೆ ಅಟ್ಟದ ಹಾಗೆ ಮಾಳಾ ಮಾಡಿಕೊಟ್ಟ. ನಿಚ್ಚಣಿಕೆಯ ಐದು ಮೆಟ್ಟಿಲು ಹತ್ತಬೇಕು, ಮೇಲೆ ಎದ್ದು ಕೂಡ್ರಲು ಬರುವುದಿಲ್ಲ, ಮಲಗಿಯೇ ಇರಬೇಕು. ಈಗ ಥಂಡಿ ದಿನ, ನಡೆಯುತ್ತದೆ. ಬೇಸಿಗೆಯಲ್ಲಿ ಆ ತಗಡು ಹಂಚಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೇಸಿಗೆಯ ಮಾತು ಯಾರೂ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ. ಕೆಲಸ ಕೇಳುವುದನ್ನು ಬಿಟ್ಟಿಲ್ಲ, ಆದರೆ ಎಲ್ಲ ಗೇಟಿನಲ್ಲಿ ಈಗ ಆ ಡಬ್ಬಿಯೇ ಕಣ್ಣಿಗೆ ಬೀಳುತ್ತದೆ.

ಕೂಸು ಬಂದ ಮೇಲೆ ಒಳಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಸಪ್ಪಳಕ್ಕೆ ಏಳುತ್ತದೆ. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಸ್ಟವ್ ಇಟ್ಟುಕೊಂಡು ಬಡಿಯುತ್ತೇನೆ. ಹತ್ತುವವರು ಇಳಿಯುವವರು ಪರಾತ ದಾಟಿಕೊಂಡು ಹೋಗುತ್ತಾರೆ. ನಿನ್ನೆ ಬಡಿಯುವಾಗ ಮುದುಕಿಯ ಫೋನು ಬಂತು.

"ಬಂದ್ವೇನ ಗೆರಿ?"

"ಬರಾಕ್ಹತ್ಯಾವ ಆಯಿ."

"ಸುಳ್ಳ ಹೇಳ್ತಿ."

"ಹೌ."

"ಫೋನ್ ಬಾಜೂಕ ಇಡು. ಬಡಿ."

ಫೋನನ್ನು ಮೆಟ್ಟಿಲಿನ ಮೇಲೆ ಇಟ್ಟು ಬಡಿದೆ. ಆ ಕಡೆ ಕಿರ್ ಎಂದು ಕೇಳಿತು, ಆ ಮಂಚ. ಏಜೆನ್ಸಿಯವಳು ಕೂತಿರಬೇಕು, ಇಲ್ಲವೇ ಎದ್ದಿರಬೇಕು. ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಹಿಟ್ಟು ಹಿಡಿದೆ. ಅದು ಅಂಗೈ ಅಗಲವಾಗುವಷ್ಟರಲ್ಲಿ ಒಳಗೆ ಕೂಸು ಎದ್ದು ಚೀರಿತು. ಹೊರಗೆ ಬಡಿದರೂ ಏಳುತ್ತದೆ ಎಂದು ಆಗ ಗೊತ್ತಾಯಿತು. "ಖಾಲಾ!" ಎಂದು ಸೊಸೆ ಕೂಗಿದಳು. ನಾನು ಕೈ ತಡೆದೆ.

"ಯಾಕ ನಿಂತಿ?" ಎಂದು ಮೆಟ್ಟಿಲ ಮೇಲಿನ ಫೋನಿನಿಂದ ಮುದುಕಿ ಕೇಳಿದಳು.